ಹರಿವ ನೆತ್ತರಿನಲ್ಲಿ ಒಂದು ನೆಲೆ

ಸೊರಬ ಸೀಮೆಯಲ್ಲಿ ಮಳೆಗಾಲ ಮುಗಿದು ಕೆರೆ ತುಂಬಿದ ಹೊತ್ತಿಗೆ ಏರಿಯ ಮೇಲೆ ನಿಂತರೆ, ನೀರಿನ ನಡುವೆ ಎರಡು ಕಲ್ಲುಗಂಬಗಳು ತಲೆ ಎತ್ತಿಕೊಂಡಿರುವುದು ಕಾಣುತ್ತದೆ. ಹಳೆಯ ಕಾಲದ ತೂಬು ಅದು. ಕಂಬಗಳ ನಡುವೆ ಅಡ್ಡಲಾಗಿ ಕೂರಿಸಿದ ಚಪ್ಪಡಿ, ಚಪ್ಪಡಿಯಲ್ಲಿ ಒಂದು ತೂತು, ಆ ತೂತಿನೊಳಗಿಂದ ಕೆಳಕ್ಕೆ ಇಳಿದ ಉದ್ದನೆಯ ಗಳ, ಗಳದ ತುದಿಯಲ್ಲಿ ಬಿರಡೆ. ಇಷ್ಟೇ. ನೀರಿನಡಿಯಲ್ಲಿ, ಕೆರೆಯಂಗಳದ ಮಟ್ಟದಲ್ಲಿ ಇನ್ನೊಂದು ತೂತಿದೆ. ಏರಿಯ ಹೊಟ್ಟೆಯೊಳಗಿಂದ ಹಾಯ್ದು ಗದ್ದೆಗೆ ಹೋಗುವ ನೀರೆಲ್ಲ ಅದರ ಮೂಲಕವೇ ಹೋಗಬೇಕು. ನೀರುಗಂಟಿ ಗಳ ಎತ್ತಿದರೆ ನೀರು ಹೊರಡುತ್ತದೆ, ಇಳಿಸಿದರೆ ನಿಲ್ಲುತ್ತದೆ. ಇಳಿಸುವಾಗ ಅವನಿಗೆ ಕೆಳಗಿನ ತೂತು ಕಾಣುವುದಿಲ್ಲ. ನೀರೋ ಆ ತೂತಿನ ಕಡೆಗೇ ನುಗ್ಗುತ್ತ ಬಿರಡೆಯನ್ನು ಎಳೆದಾಡುತ್ತಿರುತ್ತದೆ. ಆದರೂ ಅದು ಹೋಗಿ ತನ್ನ ಜಾಗದಲ್ಲೇ ಕೂರುತ್ತದೆ.

ನೀರುಗಂಟಿಯ ಕೈ ಪಳಗಿದ್ದು ನಿಜ. ಆದರೆ ಅರ್ಧ ಕೆಲಸವನ್ನು ಅವನಿಗಿಂತ ಎಷ್ಟೋ ತಲೆಮಾರು ಹಿಂದಿನ ಕಲ್ಲುಕುಟಿಗ ಮುಗಿಸಿಟ್ಟಿದ್ದಾನೆ. ಮೇಲಿನ ಚಪ್ಪಡಿಯ ತೂತನ್ನು ಕೆಳಗಿನ ತೂತಿನ ನೇರಕ್ಕೇ ಕೊರೆದು, ಗಳ ಅತ್ತಿತ್ತ ಓಲದಂತೆ ಮಾಡಿದವನು ಅವನು. ನೀರನ್ನು ತಡೆಯುವ ಬಿರಡೆಯನ್ನು ಎಲ್ಲರೂ ಗಮನಿಸುತ್ತಾರೆ. ನನಗೆ ಬೆರಗು ಹುಟ್ಟಿಸಿದ್ದು ಮೇಲಿನ ಆ ತೂತು. ತಾನು ಒಂದು ಹನಿ ನೀರನ್ನೂ ತಡೆಯದೆ, ತಡೆಯುವುದನ್ನು ಸರಿಯಾದ ಜಾಗಕ್ಕೆ ತಲುಪಿಸುವುದೇ ಅದರ ಕೆಲಸ.

ನೀರನ್ನು ಹಿಡಿದು ನಿಲ್ಲಿಸುವ ವಿದ್ಯೆ ಈ ಸೀಮೆಯವರಿಗೆ ಹಳೆಯದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದೆದುರಿನ ಕಂಬಶಾಸನವನ್ನು ಕದಂಬರ ಮಯೂರಶರ್ಮನ ಕಥೆಗಾಗಿ ಎಲ್ಲರೂ ನೆನೆಯುತ್ತಾರೆ. ಕುಬ್ಜನೆಂಬ ಕವಿ ಐದನೆಯ ಶತಮಾನದಲ್ಲಿ ಆ ಸಂಸ್ಕೃತ ಪದ್ಯಗಳನ್ನು ಬರೆದದ್ದು ಅದೇ ವಂಶದ ಅರಸ ಕಾಕುಸ್ಥವರ್ಮ ಶಿವಾಲಯದ ಬಳಿ ಮಾಡಿಸಿದ ಕೆರೆಯ ವಿಷಯ ತಿಳಿಸುವುದಕ್ಕೆ ಎಂಬುದು ಮಾತ್ರ ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ. ಒಂದು ರಾಜವಂಶದ ಚರಿತ್ರೆ ಕೆರೆಯ ನೆಪದಲ್ಲಿ ಉಳಿದು ಬಂತು.

ಕೆರೆಯ ತೂಬಿನಿಂದ ಹೃದಯದ ಕವಾಟದ ವಿಚಾರಕ್ಕೆ ನನ್ನನ್ನು ಎಳೆದು ತಂದವರು ನಮ್ಮ ದೊಡ್ಡಮ್ಮ. ಸೊರಬದ ಹತ್ತಿರದ ಹಳ್ಳಿಯವರು. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಒಮ್ಮೆ ಹಿತ್ತಿಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದೂ ಬಿಟ್ಟರು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದ ವೈದ್ಯರು ವಾಲ್ವು ಗಟ್ಟಿಯಾಗಿದೆ ಎಂದರು. ಈ ವಯಸ್ಸಿಗೆ ಎದೆ ಸೀಳುವುದು ಬೇಡ, ತೊಡೆಸಂದಿಯ ರಕ್ತನಾಳದಿಂದ ಹೋಗಿ ಹೊಸದನ್ನು ಕೂರಿಸುತ್ತೇವೆ ಎಂದರು. ದೊಡ್ಡಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಊರಿಗೆ ಮರಳುವ ರಾತ್ರಿ ಬಸ್ಸಿನಲ್ಲಿ ನನ್ನನ್ನು ಕೇಳಿದರು: “ಎದೆ ಬಡ್ಕೊಳ್ತಾನೇ ಇರ್ತದಲ್ಲ ಮಗಾ, ಅದರೊಳಗೆ ಅದನ್ನ ಅಲ್ಲಾಡದ ಹಾಗೆ ಇಡೋದು ಹೆಂಗೆ?”

ವೈದ್ಯರ ಮುಂದೆ ನನಗೆ ಹೊಳೆಯದೆ ಹೋದ ಪ್ರಶ್ನೆ ಅದು. ಈ ವಿದ್ಯೆಯ ಎಲ್ಲ ಎಂಜಿನಿಯರುಗಳೂ ಕೇಳಿಕೊಂಡ ಪ್ರಶ್ನೆಯೂ ಅದೇ ಎಂದು ಆಮೇಲೆ ಓದುತ್ತ ಹೋದಾಗ ತಿಳಿಯಿತು.

ಹೃದಯದ ಎಡಗಡೆಯ ಕೆಳಕೋಣೆಯಿಂದ ಮಹಾಪಧಮನಿಗೆ ರಕ್ತ ದಾಟುವ ಬಾಯಿಯಲ್ಲಿ ಮಹಾಪಧಮನಿಯ ಕವಾಟವಿದೆ. ಮೂರು ತೆಳ್ಳನೆಯ ದಳಗಳು, ಒಟ್ಟು ಅಗಲ ಎರಡರಿಂದ ಮೂರು ಸೆಂಟಿಮೀಟರ್. ನಿಮಿಷಕ್ಕೆ 70 ಬಡಿತವೆಂದರೂ ದಿನಕ್ಕೆ ಒಂದು ಲಕ್ಷ ಸಲ ತೆರೆದು ಮುಚ್ಚಬೇಕು, ವರ್ಷಕ್ಕೆ ಮೂರೂವರೆ ಕೋಟಿಗೂ ಹೆಚ್ಚು. ನಾವು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಶುರುವಾದ ಕೆಲಸವಿದು. ವಯಸ್ಸಾದಂತೆ ಕೆಲವರಲ್ಲಿ ಈ ದಳಗಳ ಮೇಲೆ ಸುಣ್ಣದ ಅಂಶ ಕಟ್ಟಿಕೊಂಡು ಅವು ಬಿರುಸಾಗುತ್ತವೆ, ಬಾಯಿ ಕಿರಿದಾಗುತ್ತದೆ. ಆರೋಗ್ಯವಂತರಲ್ಲಿ ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗದಲ್ಲಿ ದಾಟುವ ರಕ್ತ, ಕಾಯಿಲೆ ಬಲಿತವರಲ್ಲಿ ನಾಲ್ಕು ಮೀಟರ್ ಮೀರಿ ಚಿಮ್ಮುತ್ತದೆ. ಆ ಚಿಮ್ಮುವ ಧಾರೆಗೆ ಎದುರಾಗಿ ಹೋಗಿ, ಹಳೆಯ ದಳಗಳನ್ನು ಬದಿಗೆ ಒತ್ತಿ, ಅದೇ ಬಾಯಿಯಲ್ಲಿ ಹೊಸ ಕವಾಟ ಕೂರಬೇಕು. ಹೃದಯ ನಿಲ್ಲುವ ಹಾಗಿಲ್ಲ.

ಇದು ಸಾಧ್ಯ ಎಂದು 1989ರಲ್ಲಿ ತೋರಿಸಿದವರು ಡೆನ್ಮಾರ್ಕಿನ ಹೆನ್ನಿಂಗ್ ರೂಡ್ ಆಂಡರ್ಸನ್ ಎಂಬ ಯುವ ವೈದ್ಯರು. ಮಾಂಸದಂಗಡಿಯಿಂದ ಹಂದಿಯ ಹೃದಯ ತಂದು, ಅದರ ಕವಾಟ ಬಿಡಿಸಿ, ಶಸ್ತ್ರಚಿಕಿತ್ಸೆಯ ತಂತಿಯನ್ನು ಕೈಯಲ್ಲೇ ಬಗ್ಗಿಸಿ ಮಾಡಿದ ಚೌಕಟ್ಟಿನೊಳಗೆ ಹೊಲಿದು, ಬಲೂನಿನ ಮೇಲೆ ಮಡಿಸಿ, ಜೀವಂತ ಹಂದಿಯ ಹೃದಯದಲ್ಲಿ ಅದನ್ನು ಕೂರಿಸಿದರು. ಮನುಷ್ಯರಿಗೆ ಈ ವಿದ್ಯೆ ಬಂದದ್ದು ಹದಿಮೂರು ವರ್ಷದ ಮೇಲೆ. 2002ರ ಏಪ್ರಿಲ್ 16ರಂದು ಫ್ರಾನ್ಸಿನ ರುವಾ ನಗರದಲ್ಲಿ ಅಲೇನ್ ಕ್ರಿಬಿಯೇ, ಶಸ್ತ್ರಚಿಕಿತ್ಸಕರು ಕೈಬಿಟ್ಟಿದ್ದ 57 ವರ್ಷದ ರೋಗಿಯೊಬ್ಬರಿಗೆ ದನದ ಹೃದಯದ ಹೊರಪೊರೆಯಿಂದ ಮಾಡಿದ ಮೂರು ದಳದ ಕವಾಟವನ್ನು ಹೀಗೆ ಕೂರಿಸಿದರು. ಆ ರೋಗಿ ಬದುಕಿದ್ದು ಕೆಲವು ತಿಂಗಳು ಮಾತ್ರ. ಕವಾಟ ಕೊನೆಯವರೆಗೂ ಕೆಲಸ ಮಾಡಿತು. ಭಾರತದಲ್ಲಿ ಗುಜರಾತಿನ ವಾಪಿಯ ಮೆರಿಲ್ ಸಂಸ್ಥೆಯ ಮೈವಾಲ್ ಎಂಬ ಕವಾಟ 2018ರಲ್ಲಿ ಒಪ್ಪಿಗೆ ಪಡೆಯಿತು. ಇವತ್ತು ಬೆಂಗಳೂರಿನ ಜಯದೇವದಂಥ ಸರ್ಕಾರಿ ಹೃದ್ರೋಗ ಸಂಸ್ಥೆಯಲ್ಲೂ ಈ ಚಿಕಿತ್ಸೆ ಇದೆ.

ಕವಾಟದ ಕಥೆಯನ್ನು ಹೇಳುವವರು ಬೇಕಾದಷ್ಟು ಜನರಿದ್ದಾರೆ, ಹೇಳಬೇಕಾದದ್ದೂ ಹೌದು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯಾತನ್ ಅವರ ತಂಡ ಮಾಡಿದ ಮೊದಲ ಮಾದರಿಗಳು ಒಂದಾದ ಮೇಲೊಂದು ಸೋತು, ಕೊನೆಗೆ ಪ್ಲಾಸ್ಟಿಕ್ ಬಿಲ್ಲೆಯ ಮಾದರಿ ಗೆದ್ದು 1990ರ ಡಿಸೆಂಬರ್ 6ರಂದು ಮೊದಲ ರೋಗಿಯ ಎದೆ ಸೇರಿತು. ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಮುಂದೆ ಅದೇ ಆಸರೆಯಾಯಿತು. ವಲಿಯಾತನ್ ಆಮೇಲೆ ಮಣಿಪಾಲಕ್ಕೆ ಬಂದು ನೆಲೆಸಿದರು, 2024ರಲ್ಲಿ ಅಲ್ಲೇ ತೀರಿಕೊಂಡರು. ಅವರ ಬಗ್ಗೆ ನನಗೆ ದೊಡ್ಡ ಗೌರವ. ಕವಾಟ ಮಾಡುವವರು ಹೋರಾಡುವುದು ವರ್ಷಗಳ ಸವೆತದ ಜೊತೆ: ಮೆತ್ತನೆಯ ದಳದ ಕವಾಟವಾದರೆ ಯಂತ್ರದಲ್ಲಿ 20 ಕೋಟಿ ಸಲ, ಗಟ್ಟಿ ಬಿಲ್ಲೆಯದಾದರೆ 40 ಕೋಟಿ ಸಲ ತೆರೆದು ಮುಚ್ಚಿ ತೋರಿಸಬೇಕು. ಆದರೆ ಕವಾಟವನ್ನು ಹೊತ್ತು ಒಯ್ಯುವ ಸಾಧನದ ಆಯುಸ್ಸು ಒಂದು ಗಂಟೆಯೂ ಅಲ್ಲ. ಒಬ್ಬರ ಮೈಯೊಳಗೆ ಒಂದೇ ಸಲ ಹೋಗುತ್ತದೆ, ಇಡಬೇಕಾದದ್ದನ್ನು ಇಟ್ಟು ಹೊರಬರುತ್ತದೆ, ಕಸದ ಡಬ್ಬಿ ಸೇರುತ್ತದೆ. ರೋಗಿಗೆ ಅದರ ಹೆಸರೂ ಗೊತ್ತಿರುವುದಿಲ್ಲ. ಅಷ್ಟು ಸಣ್ಣ ಆಯುಸ್ಸಿನ ಒಂದು ಕೊಳವೆಗಾಗಿ ಜನ ತಮ್ಮ ಬದುಕಿನ ಹತ್ತಿಪ್ಪತ್ತು ವರ್ಷ ಕೊಟ್ಟಿದ್ದಾರೆ ಎಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ಆ ಕೊಳವೆ ಪಡುವ ಪಾಡೇನು ಎಂದು ಕೊಂಚ ನಿಧಾನವಾಗಿ ನೋಡಬೇಕು. ಮೊದಲಿಗೆ ಎಂಟು ಮಿಲಿಮೀಟರ್ ದಪ್ಪವಿದ್ದದ್ದು ಆರಕ್ಕೆ ಇಳಿಯಿತು, ಈಗ ಅದಕ್ಕಿಂತ ಸಣ್ಣದೂ ಇದೆ. ಅದು ತೊಡೆಸಂದಿಯಿಂದ ಹೊಟ್ಟೆಯ ಹಿಂದಿನ ನಾಳ ಏರಿ, ಎದೆಯಲ್ಲಿ ಮಹಾಪಧಮನಿಯ ದೊಡ್ಡ ಬಾಗನ್ನು ದಾಟಿ, ಹೃದಯದ ಬಾಯಿಗೆ ಬರಬೇಕು. ಮುಂದೆ ಮುಂದೆ ಒಂದು ಬಿರುಸು ತಂತಿ ದಾರಿ ಹಿಡಿದಿರುತ್ತದೆ. ಅದರ ತುದಿ ಕೆಳಕೋಣೆಯೊಳಗೆ ಸುರುಳಿಯಾಗಿ ಕೂತಿರುತ್ತದೆ. ತುದಿ ಚುಚ್ಚಿದರೆ ಹೃದಯದ ಗೋಡೆಯೇ ತೂತಾದೀತು, ಅದಕ್ಕೇ ಆ ಸುರುಳಿ. ತೂಬಿನಲ್ಲಿ ನಾನು ಹೇಳಿದ ಗಳ ಈ ತಂತಿಯೇ. ಈ ಕೊಳವೆ ಹಿಡಿದ ವೈದ್ಯರಿಗೂ ನೀರುಗಂಟಿಯ ಹಾಗೆ ಕೆಳಗಿನ ಬಾಯಿ ನೇರವಾಗಿ ಕಾಣುವುದಿಲ್ಲ. ಎಕ್ಸ್-ರೇ ಪರದೆಯ ಮೇಲೆ ಲೋಹದ ನೆರಳು, ಆಗಾಗ ಬಿಟ್ಟ, ಎಕ್ಸ್-ರೇಗೆ ಕಾಣುವ ದ್ರವ ಕ್ಷಣಕಾಲ ತೋರಿಸುವ ಗೆರೆ, ಇಷ್ಟರಲ್ಲೇ ಜಾಗ ಗುರುತಿಸಬೇಕು.

ಜಾಗವೆಂದರೂ ಎಷ್ಟು? ಕೆಲವೇ ಮಿಲಿಮೀಟರ್. ಕವಾಟದ ಸ್ವಲ್ಪ ಮೇಲೆ ಹೃದಯಕ್ಕೇ ರಕ್ತ ಕೊಡುವ ಎರಡು ನಾಳಗಳ ಬಾಯಿಗಳಿವೆ. ಹೊಸದು ಮೇಲಕ್ಕೆ ಸರಿದರೆ ಅವು ಮುಚ್ಚಿಹೋಗುವ ಭಯ. ಕೆಳಗೆ, ಎರಡು ಕೋಣೆಗಳ ನಡುವಿನ ತೆಳುಗೋಡೆಯಲ್ಲಿ, ಬಡಿತದ ವಿದ್ಯುತ್ ಸಂದೇಶವನ್ನು ಒಯ್ಯುವ ಎಳೆ ಹಾದುಹೋಗಿದೆ. ಕೆಳಕ್ಕೆ ಇಳಿದು ಅದನ್ನು ಒತ್ತಿದರೆ ಬಡಿತದ ಲಯವೇ ತಪ್ಪುತ್ತದೆ, ಆ ರೋಗಿಗೆ ಪೇಸ್‌ಮೇಕರ್ ಹಾಕಬೇಕಾಗಬಹುದು. ಸುತ್ತ ಸರಿಯಾಗಿ ಒತ್ತಿ ಕೂರದಿದ್ದರೆ ಅಂಚಿನಿಂದ ರಕ್ತ ಸೋರುತ್ತದೆ. ಇಷ್ಟು ಇಕ್ಕಟ್ಟಿನಲ್ಲಿ, ಬಡಿತ ಬಡಿತಕ್ಕೂ ಅಲುಗುವ ಗೋಡೆಗಳ ನಡುವೆ ಸ್ಥಿರವಾಗಿ ಇಡುವುದು ಹೇಗೆ? ದೊಡ್ಡಮ್ಮನ ಪ್ರಶ್ನೆಗೆ ಲೋಕ ಎರಡು ಉತ್ತರ ಕಂಡುಕೊಂಡಿತು.

ಮೊದಲನೆಯದು ಬಲೂನಿನದು. ಕವಾಟದ ಲೋಹದ ಚೌಕಟ್ಟನ್ನು ಬಲೂನಿನ ಮೇಲೆ ಬಿಗಿಯಾಗಿ ಕುಗ್ಗಿಸಿರುತ್ತಾರೆ. ಸರಿಯಾದ ಜಾಗಕ್ಕೆ ಬಂದಾಗ ಬಲೂನು ಉಬ್ಬಿಸಿದರೆ ಚೌಕಟ್ಟು ಅರಳಿ ಗೋಡೆಗೆ ಒತ್ತಿಕೊಳ್ಳುತ್ತದೆ. ತೊಂದರೆ ಏನೆಂದರೆ, ಉಬ್ಬಿದ ಬಲೂನು ಹೃದಯದ ಹೊರದಾರಿಯನ್ನೇ ಮುಚ್ಚುತ್ತದೆ, ಹೃದಯ ತನ್ನೆಲ್ಲ ಬಲದಿಂದ ಅದನ್ನು ಹೊರಕ್ಕೆ ತಳ್ಳುತ್ತದೆ. ಇದಕ್ಕೆ ಕಂಡುಕೊಂಡ ದಾರಿ ನನಗೆ ಮೊದಲು ನಂಬಲೇ ಆಗಲಿಲ್ಲ. ಹೃದಯವನ್ನು ನಿಧಾನ ಮಾಡುವುದಿಲ್ಲ, ಇನ್ನಷ್ಟು ಓಡಿಸುತ್ತಾರೆ. ತಾತ್ಕಾಲಿಕ ಪೇಸ್‌ಮೇಕರ್ ತಂತಿಯಿಂದ ನಿಮಿಷಕ್ಕೆ 180ರಿಂದ 220 ಬಡಿತದ ಆಜ್ಞೆ ಕೊಡುತ್ತಾರೆ. ಅಷ್ಟು ವೇಗದಲ್ಲಿ ಕೋಣೆ ತುಂಬಿಕೊಳ್ಳಲು ಸಮಯವೇ ಸಿಗುವುದಿಲ್ಲ. ತುಂಬದ ಕೋಣೆ ತಳ್ಳುವುದಾದರೂ ಏನನ್ನು? ರಕ್ತದೊತ್ತಡ ಕುಸಿಯುತ್ತದೆ, ಚಿಮ್ಮುವ ಧಾರೆ ಸೊರಗುತ್ತದೆ. ಆ ಕೆಲವೇ ಸೆಕೆಂಡುಗಳಲ್ಲಿ ಬಲೂನು ಉಬ್ಬಿ ಇಳಿಯಬೇಕು. ಓಟದ ತುದಿಯಲ್ಲಿ ಇಂಥದೊಂದು ಬಿಡುವು ಅಡಗಿತ್ತು ಎಂದು ಯಾರಿಗೆ ತಾನೇ ಗೊತ್ತಿತ್ತು! ಆಜ್ಞೆ ನಿಂತ ಕೂಡಲೇ ಹೃದಯ ತನ್ನ ಹಳೆಯ ನಡೆಗೆ ಬರುತ್ತದೆ, ಹೊಸ ಕವಾಟ ತೆರೆಯುತ್ತದೆ.

ಎರಡನೆಯದು ನಿಕ್ಕಲ್ ಮತ್ತು ಟೈಟೇನಿಯಂ ಬೆರೆಸಿದ ನಿಟಿನಾಲ್ ಎಂಬ ಲೋಹದ್ದು. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ 1959ರ ಸುಮಾರಿಗೆ ಬೇರೆ ಯಾವುದೋ ಉದ್ದೇಶಕ್ಕೆ ಈ ಮಿಶ್ರಲೋಹವನ್ನು ಪರೀಕ್ಷಿಸುತ್ತಿದ್ದರು. ಇದಕ್ಕೆ ತನ್ನ ಆಕಾರ ನೆನಪಿರುತ್ತದೆ. ಮಂಜುಗಡ್ಡೆಯ ನೀರಿನಲ್ಲಿ ಅದ್ದಿದರೆ ಮೆತ್ತಗಾಗಿ ಹೇಳಿದ ಹಾಗೆ ಕುಗ್ಗುತ್ತದೆ, ಮೈಯ ಬಿಸಿ ತಾಗಿದರೆ ತನ್ನ ಮೊದಲಿನ ಆಕಾರಕ್ಕೆ ಮರಳುತ್ತದೆ. ಹಾಗಾಗಿ ಇಲ್ಲಿ ಉಬ್ಬಿಸುವ ಬಲೂನು ಬೇಡ. ಕುಗ್ಗಿಸಿದ ಕವಾಟವನ್ನು ಒಂದು ಕವಚದೊಳಗೆ ತುರುಕಿ ಒಯ್ದು, ಕವಚವನ್ನು ಮೆಲ್ಲಗೆ ಹಿಂದಕ್ಕೆ ಎಳೆದರೆ ಅದು ತಾನೇ ಅರಳುತ್ತದೆ. ರಕ್ತ ಪೂರ್ತಿ ನಿಲ್ಲುವುದಿಲ್ಲ, ಕೆಲಸ ನಿಧಾನವಾಗಿ ಸಾಗಬಹುದು.

ಈ ಮೆಲ್ಲಗೆ ಎಳೆಯುವುದರಲ್ಲೇ ತೊಡಕು ಇದ್ದದ್ದು. ತೊಡೆಯಿಂದ ಹೃದಯದವರೆಗೆ ಉದ್ದಕ್ಕೂ ಕವಚದ ಕೊಳವೆ ರಕ್ತನಾಳದ ಗೋಡೆಗೂ ಪ್ರವೇಶದ ನಳಿಗೆಗೂ ಉಜ್ಜುತ್ತಿರುತ್ತದೆ. ಹೊರಗೆ ನಿಂತ ವೈದ್ಯರು ಹಿಡಿ ತಿರುಗಿಸಿ ಕವಚವನ್ನು ಹಿಂದಕ್ಕೆ ಎಳೆದಾಗ, ಆ ಉಜ್ಜಾಟದಿಂದ ಕವಚ ನಿಂತಲ್ಲೇ ನಿಂತು ಒಳಗಿನ ಕವಾಟವೇ ಮುಂದಕ್ಕೆ ಜರುಗಬಹುದು. ಎಳೆದದ್ದು ಒಂದನ್ನು, ಸರಿದದ್ದು ಇನ್ನೊಂದು. ಮಿಲಿಮೀಟರುಗಳ ಲೆಕ್ಕದಲ್ಲಿ ಇದು ಸಣ್ಣ ಸಂಗತಿಯಲ್ಲ. ಕೋರ್‌ವಾಲ್ವ್ ಎಂಬ ಕವಾಟಕ್ಕೆ ಇದಕ್ಕಾಗಿ ಮಾಡಿದ ಪರಿಹಾರ ಎಷ್ಟು ಸರಳವೆಂದರೆ, ಓದಿ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತೆ. ಚಲಿಸುವ ಕೊಳವೆಯ ಹೊರಗೆ ಇನ್ನೊಂದು ತೆಳುವಾದ ಕೊಳವೆ ಹಾಕಿದರು. ಅದು ಹಿಡಿಗೆ ಬಿಗಿದುಕೊಂಡಿರುತ್ತದೆ, ಚಲಿಸುವುದಿಲ್ಲ. ಉಜ್ಜಾಟವೆಲ್ಲ ಅದರ ಪಾಲಿಗೆ. ಒಳಗಿನ ಕೊಳವೆ ಯಾರ ತಡೆಯೂ ಇಲ್ಲದೆ ಜಾರುತ್ತದೆ, ಕವಾಟ ನಿಂತಲ್ಲೇ ನಿಲ್ಲುತ್ತದೆ. ಏನನ್ನೂ ಮಾಡದ, ಅಲುಗದೆ ಇರುವುದನ್ನಷ್ಟೇ ತನ್ನ ಕೆಲಸವಾಗಿಸಿಕೊಂಡ ಒಂದು ಪದರ! ಕಲ್ಲುಕುಟಿಗನ ಚಪ್ಪಡಿಯೂ ಇದನ್ನೇ ಮಾಡುತ್ತದೆ. ಆ ಕಲ್ಲುಕುಟಿಗನಿಗೂ ಈ ಎಂಜಿನಿಯರಿಗೂ ಒಬ್ಬರನ್ನೊಬ್ಬರು ಕಂಡು ಗೊತ್ತಿಲ್ಲ, ಇಬ್ಬರ ಲೆಕ್ಕ ಒಂದೇ. ಮುಂದೆ ಬಂದ ಮಾದರಿಗಳಲ್ಲಿ ಬಹುಪಾಲು ಅರಳಿದ ಕವಾಟವನ್ನೂ, ಜಾಗ ಸರಿ ಬರಲಿಲ್ಲವೆಂದರೆ, ಮತ್ತೆ ಕವಚದೊಳಗೆ ಸೆಳೆದುಕೊಂಡು ಹೊಸದಾಗಿ ಇಡಬಹುದು.

ದೊಡ್ಡಮ್ಮನಿಗೆ ಹಾಕಿದ್ದು ಬಲೂನಿನದು. ಮೂರನೆಯ ದಿನ ವಾರ್ಡಿನ ಉದ್ದಕ್ಕೂ ನಡೆದರು. ಖರ್ಚು ಹಲವು ಲಕ್ಷ. ಅಡಕೆ ತೋಟ ಇದ್ದವರ ಮನೆ, ಮಕ್ಕಳು ಕೆಲಸದಲ್ಲಿದ್ದರು, ಹೇಗೋ ಆಯಿತು.

ಎಲ್ಲರಿಗೂ ಹಾಗೆ ಆಗುವುದಿಲ್ಲ ಎಂಬುದು ನನ್ನನ್ನು ಕಾಡುವ ಮಾತು. ನಮ್ಮ ಹಳ್ಳಿಗಾಡಿನ ಹೃದಯದ ಕಾಯಿಲೆಯಲ್ಲಿ ಮುಪ್ಪಿನದಲ್ಲದ ಇನ್ನೊಂದಿದೆ. ಚಿಕ್ಕಂದಿನಲ್ಲಿ ಬಂದ ಗಂಟಲುನೋವಿಗೆ ಸರಿಯಾದ ಔಷಧಿ ಸಿಗದೆ, ಅದರ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಕವಾಟಗಳನ್ನು ಕೆಡಿಸುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತಾಗುವುದು ಬಸಿರಿನಲ್ಲಿ ಉಸಿರು ಕಟ್ಟಿದಾಗ. ಇವರಿಗೆ ವರವಾಗಿ ಬಂದದ್ದು ಜಪಾನಿನ ಕಾಂಜಿ ಇನೋವೆ ಅವರ ಬಲೂನು. ಅವರು 1982ರಲ್ಲಿ ಅದನ್ನು ಮೊದಲು ರೋಗಿಯ ಮೇಲೆ ಬಳಸಿದರು, 1984ರಲ್ಲಿ ಪ್ರಕಟಿಸಿದರು. ಹೊಸ ಕವಾಟ ಹಾಕುವ ವಿದ್ಯೆಯಲ್ಲ ಅದು. ಎಡಗಡೆಯ ಮೇಲುಕೋಣೆ ಕೆಳಕೋಣೆಗಳ ನಡುವಿನ, ಅಂಚು ಅಂಟಿಕೊಂಡ ಮೈಟ್ರಲ್ ಕವಾಟವನ್ನು ಬಿಡಿಸುವ ವಿದ್ಯೆ. ಆದರೆ ಸ್ಥಿರವಾಗಿ ನಿಲ್ಲುವ ಸಾಧನ ಹೇಗಿರಬೇಕು ಎಂಬುದಕ್ಕೆ ನನಗೆ ಅದಕ್ಕಿಂತ ಚೆಂದದ ಉದಾಹರಣೆ ಗೊತ್ತಿಲ್ಲ. ಆ ಬಲೂನಿನ ಭಾಗಗಳ ಹಿಗ್ಗುವ ಗುಣ ಒಂದೊಂದಕ್ಕೆ ಒಂದೊಂದು. ಒತ್ತಡ ಕೊಟ್ಟಾಗ ಮೊದಲು ಮುಂಭಾಗ ಮಾತ್ರ ಉಬ್ಬುತ್ತದೆ. ವೈದ್ಯರು ಅದನ್ನು ಹಿಂದಕ್ಕೆ ಎಳೆದು ಕವಾಟಕ್ಕೆ ಆನಿಸುತ್ತಾರೆ. ಆಮೇಲೆ ಹಿಂಭಾಗ ಉಬ್ಬುತ್ತದೆ. ಈಗ ಕವಾಟ ನಡುವಿನ ಸಪೂರ ಸೊಂಟದಲ್ಲಿ ಸಿಕ್ಕಿಕೊಂಡಿತು, ಬಲೂನು ಅತ್ತ ಜಾರದು, ಇತ್ತ ಜಾರದು. ಕೊನೆಗೆ ಸೊಂಟವೂ ಉಬ್ಬಿ ಅಂಟಿದ ದಳಗಳನ್ನು ಬಿಡಿಸುತ್ತದೆ. ಸಾಧನ ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಇಲ್ಲಿ ಸ್ಥಿರತೆ ಹೊರಗಿನಿಂದ ಬಂದದ್ದಲ್ಲ, ರಬ್ಬರಿನ ಹದದಲ್ಲೇ ಇತ್ತು. ಜಯದೇವದಲ್ಲಿ ಇಂಥ ಬಲೂನ್ ಚಿಕಿತ್ಸೆ ದಶಕಗಳಿಂದ ನಡೆದುಬಂದಿದೆ. ಅಲ್ಲಿ ಬಹುಕಾಲ ನಿರ್ದೇಶಕರಾಗಿದ್ದ ಡಾ. ಸಿ. ಎನ್. ಮಂಜುನಾಥ್ ಇದರಲ್ಲಿ ದೊಡ್ಡ ಅನುಭವ ಗಳಿಸಿದವರು. ಬಸುರಿಯರಿಗೂ ಇದನ್ನು ಮಾಡುತ್ತಾರೆ. ತಾಯಿ, ಮಗು ಎರಡು ಜೀವ ಒಂದೇ ಬಲೂನಿನಿಂದ ಉಳಿಯುತ್ತವೆ.

ಕೈಯಲ್ಲಿ ಹಣವಿಲ್ಲದ ರೋಗಿಗಳ ಮಾತು ಬಂದಾಗ ನನಗೆ ನಮ್ಮ ಸೀಮೆಯದೇ ಒಂದು ಹಳೆಯ ಮಠ ನೆನಪಾಗುತ್ತದೆ. ಶಿಕಾರಿಪುರದಿಂದ ಅಷ್ಟು ದೂರವೇನಲ್ಲದ ಬಳ್ಳಿಗಾವಿಯಲ್ಲಿ, ತಾವರೆಕೆರೆಯ ಬಳಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕಾಳಾಮುಖ ಶೈವರ ಕೋಡಿಮಠವಿತ್ತು. ವ್ಯಾಕರಣ, ತರ್ಕ, ಸಾಹಿತ್ಯ ಕಲಿಸುವ ಜಾಗವೆಂದು ಅದನ್ನು ಹೊಗಳುವ 1162ರ ಶಾಸನ, ದಿಕ್ಕಿಲ್ಲದವರಿಗೆ ಕುರುಡರಿಗೆ ಕುಂಟರಿಗೆ ಅನ್ನ ಕೊಡುವ ಜಾಗ, ನಾನಾ ರೋಗಿಗಳಿಗೆ ಚಿಕಿತ್ಸೆ ಕೊಡುವ ಜಾಗ, ಎಲ್ಲ ಜೀವಿಗಳಿಗೂ ಅಭಯದ ಜಾಗ ಎಂದೂ ಹೇಳುತ್ತದೆ. ವಿದ್ಯೆ ಕಲಿಸುವುದನ್ನೂ ಹಣವಿಲ್ಲದ ರೋಗಿಯನ್ನು ನೋಡುವುದನ್ನೂ ಒಂದೇ ಸೂರಿನ ಕೆಲಸವೆಂದು ಬಗೆದ ಆ ಜನ ನಮ್ಮ ಸೀಮೆಯವರು ಎಂಬುದು ನನಗೆ ಹೆಮ್ಮೆಯ ಸಂಗತಿ, ಜೊತೆಗೆ ಒಂದು ಹೊಣೆಯೂ ಹೌದು.

ಯಾಕೆಂದರೆ ರುಮ್ಯಾಟಿಕ್ ಜ್ವರದಿಂದ ಮಹಾಪಧಮನಿಯ ಕವಾಟವೇ ಕೆಟ್ಟ ಎಳೆಯರಿಗೆ, ದೊಡ್ಡಮ್ಮನಿಗೆ ಹಾಕಿದಂಥದು ಸಲೀಸಾಗಿ ಹೊಂದುವುದಿಲ್ಲ. ಮುದುಕರ ಕವಾಟದಲ್ಲಿ ಕಟ್ಟಿಕೊಂಡ ಸುಣ್ಣವೇ ಹೊಸ ಚೌಕಟ್ಟಿಗೆ ಹಿಡಿತ. ಕಾಯಿಲೆ ತಂದದ್ದೇ ಆಧಾರವೂ ಆಗುತ್ತದೆ. ಎಳೆಯರ ಕವಾಟದಲ್ಲಿ ಎಷ್ಟೋ ಸಲ ಆ ಸುಣ್ಣ ಇರುವುದಿಲ್ಲ, ಇಟ್ಟದ್ದು ಜಾರುವ ಭಯ. ಶ್ರೀಮಂತ ದೇಶಗಳಲ್ಲಿ ಈ ರೋಗ ಬಹುಮಟ್ಟಿಗೆ ಕಡಿಮೆಯಾಗಿರುವುದರಿಂದ ದೊಡ್ಡ ಕಂಪನಿಗಳ ಸಾಧನಗಳು ಮುದುಕರ ಗಟ್ಟಿಯಾದ ಕವಾಟವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು.

ಈ ಪ್ರಶ್ನೆಯನ್ನು ಎತ್ತಿಕೊಂಡವರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನ್ ವಿಶ್ವವಿದ್ಯಾಲಯದ ತಂಡವೊಂದಿದೆ. 1967ರಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮನುಷ್ಯರಿಂದ ಮನುಷ್ಯರಿಗೆ ಮೊದಲ ಹೃದಯ ಕಸಿ ಮಾಡಿದ ಊರು ಅದು. ಅಲ್ಲಿನ ಶಸ್ತ್ರಚಿಕಿತ್ಸಕ ಪೀಟರ್ ಜಿಲ್ಲಾ ಮತ್ತು ಜೊತೆಯವರು ರೂಪಿಸಿದ ಬಲೂನು ನಡುವೆ ಟೊಳ್ಳು. ಉಬ್ಬಿದಾಗಲೂ ಅದರ ಒಳಗಿಂದ ರಕ್ತ ಹರಿಯುತ್ತಿರುತ್ತದೆ, ಹೃದಯವನ್ನು ಓಡಿಸಿ ಬಿಡುವು ಹುಡುಕುವ ಅವಸರವಿಲ್ಲ. ಕವಾಟದ ಮೂರು ದಳಗಳ ಹಿಂದೆ ಮೂರು ಗುಂಡಾದ ಚೀಲಗಳಿವೆ. 1513ರ ಸುಮಾರಿಗೆ ಲಿಯೊನಾರ್ಡೊ ಡ ವಿಂಚಿ ಇವುಗಳಲ್ಲಿ ರಕ್ತ ಸುಳಿ ತಿರುಗಿ ದಳಗಳನ್ನು ಮುಚ್ಚಲು ನೆರವಾಗುತ್ತದೆ ಎಂದು ಊಹಿಸಿ ಚಿತ್ರ ಬರೆದಿದ್ದ. ಕೇಪ್‌ಟೌನಿನ ಸಾಧನದ ತೋಳುಗಳು ಅವೇ ಚೀಲಗಳನ್ನು ತಡವಿ ಹೊಕ್ಕು ಆನಿಕೊಳ್ಳುತ್ತವೆ. ಆನಿಕೊಂಡದ್ದು ವೈದ್ಯರ ಕೈಗೇ ತಿಳಿಯುತ್ತದೆ. ಐನೂರು ವರ್ಷದ ಹಿಂದೆ ಒಬ್ಬ ಕಲಾವಿದ ಕಂಡ ಸುಳಿಯ ಮನೆ, ಇವತ್ತು ಒಂದು ಸಾಧನಕ್ಕೆ ಕಾಲೂರುವ ಜಾಗ.

ಭಾರೀ ಯಂತ್ರಗಳಿಲ್ಲದ, ಎದೆ ತೆರೆಯುವ ಶಸ್ತ್ರಚಿಕಿತ್ಸಕರಿಲ್ಲದ ಊರುಗಳಲ್ಲೂ ಕವಾಟ ಕೂರಿಸಲು ಸಾಧ್ಯವಾಗಬೇಕು ಎಂಬುದು ಆ ತಂಡ ಹೊರಟಾಗಿನ ಆಸೆ. ಕಣ್ಣಿಗಿಂತ ಕೈಗೆ ಜಾಗ ತಿಳಿಯುವ ಹಾಗೆ ಮಾಡಿದ್ದು ಅದಕ್ಕೇ. ನಾನು ಇದನ್ನು ಓದುವಾಗ ಕೇಪ್‌ಟೌನಿನ ಬದಲು ಶಿವಮೊಗ್ಗವೆಂದು ಓದಿಕೊಳ್ಳುತ್ತೇನೆ. ಸೊರಬದಿಂದ, ಶಿರಾಳಕೊಪ್ಪದಿಂದ ಬೆಳಗಿನ ಬಸ್ಸು ಹಿಡಿದ ಇಪ್ಪತ್ತರ ಹುಡುಗಿಯೊಬ್ಬಳಿಗೆ ಜಿಲ್ಲಾ ಆಸ್ಪತ್ರೆಯಲ್ಲೇ ಅಂಥದೊಂದು ಕವಾಟ ಕೂರಬೇಕು. ಅದಕ್ಕೆ ಬೇಕಾದ ತೋಳುಗಳ ಬಿರುಸು ಎಷ್ಟು, ಬಲೂನಿನ ಟೊಳ್ಳು ಎಷ್ಟು ಎಂದು ನಮ್ಮ ಕಡೆಯ ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳೂ ಕೂತು ಲೆಕ್ಕ ಹಾಕಬೇಕು, ಹಾಕಿ ಸೋಲಬೇಕು, ಮತ್ತೆ ಹಾಕಬೇಕು.